ಬೂದು ಕಾರಿನ ಬಾಲ

ನಮ್ಮ ಕಾರು ಮಾಸಪತ್ರಿಕೆಯಲ್ಲಿ ಹೊಸ ಕಾರುಗಳನ್ನು ಓಡಿಸಿ ನೋಡಿ ಬರೆಯುವವರು ಇಬ್ಬರಿದ್ದೆವು. ಒಬ್ಬರು ಇಪ್ಪತ್ತಾರು ವರ್ಷದಿಂದ ಆ ಪುಟ ತುಂಬಿಸುತ್ತಿದ್ದ ಹಿರಿಯರು, ಇನ್ನೊಬ್ಬ ನಾನು. ಹಿರಿಯರಿಗೆ ಗ್ರಾಫು, ಕಂಪ್ಯೂಟರು ಇವುಗಳ ಮೇಲೆ ನಂಬಿಕೆಯಿರಲಿಲ್ಲ. "ಕಾರು ಏನು ಮಾಡ್ತಿದೆ ಅಂತ ಕಣ್ಣಿಗಿಂತ ಮೊದಲು ಕುಂಡಿಗೆ ಗೊತ್ತಾಗುತ್ತೆ" ಎನ್ನುತ್ತಿದ್ದರು. ಅದಕ್ಕೇ ನಾನು ಅವರಿಗೆ ಪೀಠಾಧಿಪತಿ ಎಂದು ಹೆಸರಿಟ್ಟಿದ್ದೆ. ಅವರು ನನ್ನನ್ನು ನಕಲಿ ಎಂದು ಕರೆಯುತ್ತಿದ್ದರು. ಅವರ ಕೆಮ್ಮು, ಅವರ "ಹ್ಞಾಂ, ನೋಡಪ್ಪಾ", ಸೀಟಿನಲ್ಲಿ ಕೂರುವ ಮುಂಚೆ ಪ್ಯಾಂಟನ್ನು ಮೇಲಕ್ಕೆಳೆದುಕೊಳ್ಳುವ ರೀತಿ ಎಲ್ಲವನ್ನೂ ನಾನು ಮಾಡಿ ತೋರಿಸುತ್ತಿದ್ದೆ. ಎದುರಿಗೇ ಮಾಡಿದರೂ ನಗುತ್ತಿದ್ದರು. ನಕ್ಕುಬಿಟ್ಟರೆ ಅಣಕಿಸಿದವನಿಗೆ ಏನು ಸುಖ?

ಒಂದು ಸೋಮವಾರ ಸಂಪಾದಕಿ ಇಬ್ಬರನ್ನೂ ಕರೆದರು. ಕಿಟಕಿಯಾಚೆ ಅಂಗಳದಲ್ಲಿ ಎರಡು ಸ್ಪೋರ್ಟ್ಸ್ ಕಾರುಗಳು ನಿಂತಿದ್ದವು. ಕೆಂಪು ಕಾರಿನಲ್ಲಿ ಇಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೆ. ಬೂದು ಕಾರಿನಲ್ಲಿ ನಾಲ್ಕಕ್ಕೂ.

"ರೇಸಿನ ಪುರಾಣ ಬೇಡ. ಊರಿನ ರಸ್ತೆಯಲ್ಲಿ ಓಡಾಡೋನಿಗೆ ಯಾವುದು ಒಳ್ಳೇದು ಅಂತ ಒಬ್ಬೊಬ್ಬರೂ ಬರೀರಿ," ಎಂದರು. "ಇನ್ನೊಂದು ವಿಷಯ. ಮುಂದಿನ ತಿಂಗಳಿಂದ ಈ ಪುಟಕ್ಕೆ ಒಬ್ಬರೇ. ಯಾರು ಅಂತ ಈ ಬರಹ ನೋಡಿ ಹೇಳ್ತೀನಿ."

ಪೀಠಾಧಿಪತಿ ಕದಲಲಿಲ್ಲ. "ಹಿಂದಿನ ಚಕ್ರದ ಕಾರು ಬೆನ್ನಿಗೆ ನಿಂತು ತಳ್ಳೋ ಗೆಳೆಯ ಇದ್ದ ಹಾಗಮ್ಮಾ. ನಾಲ್ಕು ಚಕ್ರದ್ದು ಕೈ ಹಿಡ್ಕೊಂಡು ರಸ್ತೆ ದಾಟಿಸೋ ಅಕ್ಕ."

"ನಿಮಗೆ ಯಾರಾಗಬಹುದು ಸಾರ್?" ಎಂದೆ.

"ಈ ವಯಸ್ಸಿಗೆ ಇಬ್ಬರೂ ಬರಲ್ಲ ಬಿಡೋ."

ಸಂಪಾದಕಿ ನಕ್ಕರು. ಆ ನಗು ನೋಡಿದ ಮೇಲೆ ಪುಟ ಯಾರಿಗೆ ಹೋಗುತ್ತದೆಂದು ನನಗೆ ಅನುಮಾನ ಉಳಿಯಲಿಲ್ಲ. ನೇರವಾಗಿ ಆಫೀಸಿನ ಹಿಂದಿನ ವರ್ಕ್‌ಶಾಪಿಗೆ ಹೋದೆ.

ಅಲ್ಲಿನ ಮೆಕ್ಯಾನಿಕ್ ಪೀಠಾಧಿಪತಿಯವರ ಮಗಳ ಗಂಡ. ಕೆಲಸ ಕೊಡಿಸಿದ್ದೂ ಅವರೇ, ಅದನ್ನು ದಿನಕ್ಕೊಮ್ಮೆ ನೆನಪಿಸುತ್ತಿದ್ದವರೂ ಅವರೇ. ಹಿಂದಿನ ವಾರವಷ್ಟೇ ಎಲ್ಲರೆದುರು, "ಅಳಿಯಂದಿರೇ, ಸ್ಪ್ಯಾನರ್ ಹಿಡಿಯೋದು ಚಮಚ ಹಿಡಿದಷ್ಟು ಸುಲಭ ಅಲ್ಲ" ಎಂದಿದ್ದರು. ನಾನು ಆ ಮಾತನ್ನು ಅವರದೇ ದನಿಯಲ್ಲಿ, ಕೆಮ್ಮು ಸಮೇತ, ಇನ್ನೊಮ್ಮೆ ಹೇಳಿದೆ. ಅಳಿಯನ ಕಿವಿ ಕೆಂಪಾಯಿತು.

"ಬೂದು ಕಾರಲ್ಲಿ ಮುಂದಿನ ಚಕ್ರಕ್ಕೆ ಬಲ ಹೋಗದ ಹಾಗೆ ಮಾಡೋಕಾಗುತ್ತಾ?" ಎಂದು ಕೇಳಿದೆ.

"ಒಂದು ಫ್ಯೂಸ್ ಕಿತ್ತರೆ ಸಾಕು. ಆಮೇಲೆ ಅದೂ ಕೆಂಪು ಕಾರಿನ ತಮ್ಮನೇ."

"ಕಿತ್ತುಬಿಡು. ಮಾವನವರು ಓಡಿಸಿ ಬಂದು, ಮುಂದಿನ ಚಕ್ರ ಕೈ ಹಿಡಿದು ನಡೆಸ್ತು ಅಂತ ಎರಡು ಪುಟ ಬರೀತಾರೆ. ಮೀಟಿಂಗಲ್ಲಿ ಫ್ಯೂಸ್ ತೆಗೆದು ಮೇಜಿನ ಮೇಲಿಡೋಣ."

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಕೆಂಪು ಕಾರಲ್ಲಿ ಏನಾಗುತ್ತೋ ಅದೇ ಆಗುತ್ತೆ. ಜನ ಅದನ್ನೂ ಓಡಿಸ್ತಾರಲ್ಲ."

ಅವನು ಕಿತ್ತ. ಮೀಟರಿನ ಮೂಲೆಯಲ್ಲಿ ಹೊತ್ತಿಕೊಂಡ ಹಳದಿ ದೀಪದ ಮೇಲೆ ಕಪ್ಪು ಟೇಪು ಅಂಟಿಸಿ, ಮಾವ ಬಂದು ಕೇಳಿದಾಗ, "ಗಡಿಯಾರ ಕೆಟ್ಟಿದೆ ಮಾವ, ಮುಚ್ಚಿದೀನಿ" ಎಂದ.

"ನಿನ್ನ ಕೈ ಸೋಕಿದ ಮೇಲೆ ಕೆಡದೆ ಇರುತ್ತಾ?" ಎಂದರು ಮಾವ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಊರಾಚೆ ಗುಡ್ಡ ಸುತ್ತುವ ಮೂವತ್ತು ಕಿಲೋಮೀಟರು ರಸ್ತೆ. ಓಡಿಸುವ ಸರದಿ ಮೊದಲು ಅವರದು, ಕೆಂಪು ಕಾರಿನಿಂದ ಶುರು. ಅವರು ಹೇಳುತ್ತಾ ಹೋದರು, ಪಕ್ಕದಲ್ಲಿ ಕೂತು ನಾನು ಬರೆದುಕೊಂಡೆ. ಮೂತಿ ಹಗುರ. ಸ್ಟೀರಿಂಗ್ ಮನಸ್ಸಿನ ಮಾತು ಕೇಳುತ್ತದೆ. ತಿರುವಿನಲ್ಲಿ ಆಕ್ಸಿಲರೇಟರನ್ನು ಗೌರವದಿಂದ ಒತ್ತಬೇಕು, ಒದ್ದರೆ ತಿರುಗಿ ಒದೆಯುತ್ತದೆ. ವಾಪಸು ಬಂದು ಕಾರು ಬದಲಿಸಿದೆವು.

ಬೂದು ಕಾರಿನಲ್ಲಿ ಮೊದಲ ಹತ್ತು ಕಿಲೋಮೀಟರು ಅವರು ಆಕ್ಸಿಲರೇಟರನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು ನೋಡುತ್ತಲೇ ಇದ್ದರು. ಪೆನ್ನು ಹಿಡಿದು ಕಾದೆ. ಜಲ್ಲಿ ಕ್ವಾರಿಯ ಪಕ್ಕದ ತಿರುವಿನಲ್ಲಿ ಲಾರಿಯಿಂದ ಉದುರಿದ ಮರಳು ರಸ್ತೆಗೆ ಅಡ್ಡ ಬಿದ್ದಿತ್ತು. ಕಾರಿನ ಹಿಂಭಾಗ ಹಿಡಿತ ತಪ್ಪಿ ಹೊರಗೆ ಹೋಯಿತು. ನನ್ನ ಬದಿಯ ಕಿಟಕಿಯಲ್ಲಿ ಕಣಿವೆ ಪೂರ್ತಿಯಾಗಿ ಕಂಡಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿ, ಕಾಲು ಒಂದಿಷ್ಟೇ ಸಡಿಲಿಸಿ, ಕಾರನ್ನು ನೇರಕ್ಕೆ ತಂದಿದ್ದರು. ಅಷ್ಟು ಚೆನ್ನಾಗಿ ಯಾರೂ ಕಾರು ಹಿಡಿದದ್ದನ್ನು ನಾನು ಕಂಡಿಲ್ಲ.

ಸ್ವಲ್ಪ ಮುಂದೆ ನಿಲ್ಲಿಸಿ ಇಂಜಿನ್ ಆರಿಸಿದರು. ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ನಕಲಿ, ನಿಜ ಹೇಳು. ಈಗ ಬಾಲ ಜಾರಿತಲ್ವಾ?"

ನಾನು ಕಣಿವೆಯ ಕಡೆಯಿಂದ ಮುಖ ತಿರುಗಿಸಿದೆ.

"ಜಾರಿದ್ದಾ? ಒಂಚೂರು ಅಲ್ಲಾಡ್ತು ಸಾರ್. ಗುಂಡಿ ಇರಬೇಕು."

"ಊರಿಂದ ಇಲ್ಲಿವರೆಗೂ ಹಿಂದಿನಿಂದಲೇ ತಳ್ತಿದೆ ಅಂತ ಅನ್ನಿಸ್ತಿದೆ ನಂಗೆ. ಮುಂದಿನ ಚಕ್ರ ಎಳೀತಾನೇ ಇಲ್ಲ."

"ನಾಲ್ಕೂ ಚಕ್ರದ್ದಲ್ವಾ ಸಾರ್ ಇದು. ಹೇಗೆ ಎಳೆಯಲ್ಲ?"

ಅವರು ಮೀಟರುಗಳ ಮೇಲೆ ಕಣ್ಣಾಡಿಸಿದರು. ನಾನು ಹೌದೆಂದಿದ್ದರೆ ಸಾಕಿತ್ತು. ಅವರು ಇಳಿದು ಬಾನೆಟ್ ತೆಗೆದು, ಅಳಿಯನಿಗೆ ನಾಲ್ಕು ಬೈದು, ಪುಟ ಉಳಿಸಿಕೊಳ್ಳುತ್ತಿದ್ದರು. ನಾನು ಪೆನ್ನಿನ ಕ್ಯಾಪು ಹಾಕಿದೆ.

"ಕುಣಿಯಲಾರದವನು ನೆಲ ಡೊಂಕು ಅಂದ ಹಾಗೆ, ಕಾರಿಂದೇ ತಪ್ಪು ಅಂತ ಬರೆಯೋ ಕಾಲ ಬಂತು ನಂಗೆ," ಎಂದರು. ಬಾಗಿಲು ತೆಗೆದು ಇಳಿದು, ಸುತ್ತಿ ಬಂದು ನನ್ನ ಕಡೆ ನಿಂತರು. "ನೀನು ಓಡಿಸು. ನಿನ್ನ ಪ್ರಾಣದ ಜೊತೆ ಆಟ ಆಡೋಕೆ ನಂಗೇನು ಹಕ್ಕಿದೆ?"

ವಾಪಸು ಬರುವ ದಾರಿಯುದ್ದಕ್ಕೂ ಅವರು ಬಾಗಿಲ ಮೇಲಿನ ಹಿಡಿಯನ್ನು ಹಿಡಿದುಕೊಂಡೇ ಇದ್ದರು. "ಬರಹ ನಿನ್ನ ಹೆಸರಲ್ಲೇ ಹೋಗಲಿ, ನಾನು ಹೇಳ್ತೀನಿ, ಮೊಬೈಲಲ್ಲಿ ರೆಕಾರ್ಡ್ ಮಾಡ್ಕೋ," ಎಂದು ಹೇಳತೊಡಗಿದರು. ಊರಿನ ರಸ್ತೆಯಲ್ಲಿ, ಕಾನೂನಿನ ವೇಗದಲ್ಲಿ, ನೂರಕ್ಕೆ ತೊಂಬತ್ತೈದು ಸಲ ಎರಡಕ್ಕೂ ವ್ಯತ್ಯಾಸವಿಲ್ಲ. ಒದ್ದೆ ರಸ್ತೆ, ಮರಳು, ಗಾಬರಿಯ ಸ್ವಭಾವ ಇದ್ದರೆ ನಾಲ್ಕು ಚಕ್ರದ್ದು ತಗೊಳ್ಳಿ. ಓಡಿಸುವ ಖುಷಿಗಾದರೆ ಹಿಂದಿನ ಚಕ್ರದ್ದು. "ಉಳಿದ ಐದು ಸಲದ ವ್ಯತ್ಯಾಸ ಮೈಗೆ ಮಾತ್ರ ಗೊತ್ತಾಗುತ್ತೆ. ನನ್ನ ಮೈಗೆ ಅದು ಗೊತ್ತಾಗೋದು ನಿಂತುಹೋಯ್ತು." ಆಮೇಲೆ, "ಆ ಕೊನೇ ಮಾತು ಹೊಡೆದುಹಾಕು. ಅದು ನಿಂಗೆ ಹೇಳಿದ್ದು," ಎಂದರು.

ಸಂಜೆಯೊಳಗೆ ಸಂಪಾದಕಿಗೆ ರಾಜೀನಾಮೆ ಕಾಗದ ಕೊಟ್ಟು, ತಮ್ಮ ಕಾರನ್ನು ಆಫೀಸಿನ ಅಂಗಳದಲ್ಲೇ ಬಿಟ್ಟು, ಬಸ್ಸಿನಲ್ಲಿ ಮನೆಗೆ ಹೋದರು. ಮರುದಿನ ಅಳಿಯ ವರ್ಕ್‌ಶಾಪಿನಲ್ಲಿ ನನ್ನ ತೋಳು ಹಿಡಿದ.

"ಮಾವ ಮನೇಲಿ ಊಟ ಮಾಡ್ತಿಲ್ಲ. ನನ್ನ ಹೆಂಡ್ತಿ ಬೇರೆ, ಸದ್ಯ ಅಪ್ಪ ಗಾಡಿ ಬಿಟ್ರಲ್ಲ ಅಂತ ಸಮಾಧಾನ ಮಾಡ್ಕೊಂಡಿದಾಳೆ. ಹೇಳಿಬಿಡೋಣ್ವಾ?"

"ಹೇಳು. ಫ್ಯೂಸ್ ಕಿತ್ತಿದ್ದು ಯಾರ ಕೈ ಅಂತಲೂ ಹೇಳು."

ತೋಳು ಬಿಟ್ಟ. ಅಳಿಯ ಎಂದರೆ ಅಳಿಯದವನು, ಹೇಗೋ ಉಳಿದುಕೊಳ್ಳುತ್ತಾನೆ.

ಪುಟ ನನ್ನದಾಯಿತು. ಅವರು ಹೇಳಿದ್ದೆಲ್ಲ ಅಕ್ಷರ ತಪ್ಪದೆ ಅಚ್ಚಾಯಿತು, ಹೊಡೆದುಹಾಕು ಎಂದ ಮಾತೂ ಸೇರಿ. ಅದರ ಮುಂದೆ "ನಮ್ಮ ಹಿರಿಯರು ನನ್ನೊಡನೆ ಹೇಳಿಕೊಂಡಂತೆ" ಎಂದು ಸೇರಿಸಿದ್ದೆ, ಅಷ್ಟೇ. ಓದುಗರಿಗೆ ಕಣ್ಣೀರು ಬಂತಂತೆ. ಅಷ್ಟು ಕಾಗದ ನಮ್ಮ ಪತ್ರಿಕೆಗೆ ಯಾವತ್ತೂ ಬಂದಿರಲಿಲ್ಲ.

ಸಂಚಿಕೆ ಬಂದ ಮೂರನೆಯ ದಿನ ಅವರ ಫೋನು ಬಂತು. ಬೈಯುತ್ತಾರೆಂದು ಎದ್ದು ನಿಂತೇ ಎತ್ತಿಕೊಂಡೆ.

"ಹ್ಞಾಂ, ನೋಡಪ್ಪಾ," ಎಂದರು. "ಕೆಂಪು ಕಾರಿನ ತೂಕ ತಪ್ಪು ಬಿದ್ದಿದೆ. ಎಂಬತ್ತು ಕಿಲೋ ಜಾಸ್ತಿ ಬರೆದಿದೀಯ. ಮುಂದಿನ ಸಂಚಿಕೇಲಿ ತಿದ್ದಿಬಿಡು."