ಬಾಯಿಮಾತಿನ ಸೀಟು

ಪ್ರವೇಶ ಸಮಿತಿಯ ಮೇಜಿನ ಹಿಂದಿದ್ದ ಗುಮಾಸ್ತ ಸೌಂದರ್ಯಾಳ ಕಾಗದಗಳನ್ನು ತಿರುವಿಯೂ ನೋಡಲಿಲ್ಲ.

"ಪಿಯುಸಿ ಇಲ್ಲಲ್ಲ?"

"ಡಿಪ್ಲೊಮಾ ಐತ್ರಿ. ಮ್ಯಾಲೆ ನಿಮ್ಮ ಕಾಲೇಜಿಂದೇ ಬ್ರಿಜ್ ಕೋರ್ಸ್ ಮುಗಿಸೇನಿ."

"ಬ್ರಿಜ್ ಕೋರ್ಸಿಗೆ ವಿಶ್ವವಿದ್ಯಾಲಯದ ಮಂಜೂರಾತಿ ಇಲ್ರಿ. ಆನರ್ಸ್‌ಗೆ ಅದು ನಡಿಯೂದಿಲ್ಲ. ಮುಂದಿನವರು ಬರ್ರಿ."

ಮುಂದಿನವಳು ಹುಬ್ಬಳ್ಳಿ ದುರ್ಗದಬೈಲಿನ ಬಳೆ ಅಂಗಡಿಯ ಮುಸರತ. ಮುಕ್ತ ಶಾಲೆಯಲ್ಲಿ ಓದಿ, ಸೌಂದರ್ಯಾಳ ಪಕ್ಕದಲ್ಲೇ ಕೂತು ಬ್ರಿಜ್ ಕೋರ್ಸ್ ಮಾಡಿದ್ದಳು. ಅವಳಿಗೂ ಅದೇ ಉತ್ತರ ಬಂತು.

ಧಾರವಾಡದ ಆ ಖಾಸಗಿ ಕಾಲೇಜು ಸೈಕಾಲಜಿ ಆನರ್ಸ್ ಪದವಿಗೆ ಎರಡು ದಾರಿ ಇವೆ ಎಂದು ಹೋದ ವರ್ಷ ಹೇಳಿತ್ತು. ಪಿಯುಸಿ ಪಾಸಾದವರು ನೇರವಾಗಿ ಸೇರಬಹುದು. ಡಿಪ್ಲೊಮಾ ಮಾಡಿದವರು, ಮುಕ್ತ ಶಾಲೆಯವರು, ನಡುವೆ ಓದು ಬಿಟ್ಟವರು ಒಂದು ವರ್ಷ ಬ್ರಿಜ್ ಕೋರ್ಸ್ ಮುಗಿಸಿ ಬರಬಹುದು. ಅಮ್ಮಿನಬಾವಿಯ ಸೌಂದರ್ಯಾ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ತಾರಿಹಾಳದ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದವಳು. ಅಲ್ಲಿ ಪ್ರೆಸ್ ಯಂತ್ರದಲ್ಲಿ ಬೆರಳು ಕಳೆದುಕೊಂಡ ಹೆಂಗಸೊಬ್ಬಳು ಗಾಯ ಮಾಯ್ದ ಮೇಲೂ ಆ ಯಂತ್ರದ ಸದ್ದಿಗೆ ನಡುಗುತ್ತಿದ್ದಳು. "ನಾಟಕ ಮಾಡತಾಳ" ಎಂದು ಮೇಲ್ವಿಚಾರಕರು ನಗುತ್ತಿದ್ದರು. ಅದು ನಾಟಕವಲ್ಲ ಎಂದು ಸೌಂದರ್ಯಾಳಿಗೆ ಗೊತ್ತಿತ್ತು. ಏನು ಎಂದು ಹೇಳಲು ಬರುತ್ತಿರಲಿಲ್ಲ. ಅದನ್ನು ಕಲಿಯಲೆಂದೇ ಅವಳು ನೌಕರಿ ಬಿಟ್ಟಿದ್ದಳು.

ಬ್ರಿಜ್ ಕೋರ್ಸಿನ ವರ್ಷವಿಡೀ ಕಾಲೇಜು ಅವಳನ್ನು ಸುತ್ತಲಿನ ಹೈಸ್ಕೂಲುಗಳಿಗೆ ಕಳಿಸಿತು. ಪರೀಕ್ಷೆಯ ಹೆದರಿಕೆಯಿಂದ ಊಟ ಬಿಟ್ಟ ಮಕ್ಕಳ ಜೊತೆ ಅವಳು ಕೂತು ಮಾತಾಡಿದಳು. ಆ ಕೆಲಸದಲ್ಲಿ ಕೂತಿದ್ದ ಅವಳ ಫೋಟೋ ಈಗ ಗೇಟಿನ ಬ್ಯಾನರಿನ ಮೇಲಿತ್ತು. ಒಳಗೆ ಸೀಟಿಲ್ಲ, ಹೊರಗೆ ಆಳೆತ್ತರದ ಮುಖ.

"ನಡಿ, ಯಜ್ಞೇಶ್ವರ ಸರ್ ಕಡೆ ಹೋಗೂಣು" ಎಂದಳು ಮುಸರತ. "ನಿನ್ನ ಫೋಟೋಕ್ಕರ ಸೀಟ್ ಕೊಡತಾರೇನ ಕೇಳೂಣು."

ಸೌಂದರ್ಯಾ ನಗಲಿಲ್ಲ. ಜೊತೆಗೆ ಬಂದಿದ್ದ ಅಪ್ಪ ಬಸಣ್ಣನನ್ನು ಕರೆದುಕೊಂಡು ವಿಭಾಗದ ಮುಖ್ಯಸ್ಥರ ಕೋಣೆಗೆ ನಡೆದಳು.

ಯಜ್ಞೇಶ್ವರ ಸರ್ ಈ ಕಾಲೇಜಿಗೆ ಬರುವ ಮುಂಚೆ ಹೈಸ್ಕೂಲ್ ಮಾಸ್ತರರಾಗಿದ್ದರು. ಬಸಣ್ಣ ಅವರ ಕೈಯಲ್ಲಿ ಇಂಗ್ಲಿಷ್ ಕಲಿತವನು. ಹೋದ ವರ್ಷ, "ಬ್ರಿಜ್ ಮುಗಿಸಿದ ಮ್ಯಾಲೆ ಸೀಟ್ ಖಾತ್ರಿ ಅಂತ ಬರದು ಕೊಡ್ರಿ ಸರ್" ಎಂದು ಸೌಂದರ್ಯಾ ಕೇಳಿದ್ದಳು. ಬಸಣ್ಣ ಅಲ್ಲೇ ಗದರಿದ್ದ: "ಗುರುಗಳಿಗೆ ಬರದು ಕೊಡ್ರಿ ಅಂತೀಯೇನ? ಅವರ ಮಾತ ಸಾಕು." ಉಳಿದವರ ತಂದೆತಾಯಿಗಳೂ ಹಾಗೇ ಅಂದುಕೊಂಡರು. ಯಾರೂ ಬರೆಸಿಕೊಳ್ಳಲಿಲ್ಲ. ಧಾರವಾಡದಲ್ಲಿ ಮಾಸ್ತರರಿಂದ ಬರೆಸಿಕೊಳ್ಳುವುದೆಂದರೆ ಅವರನ್ನು ಸುಳ್ಳುಗಾರರೆಂದು ಕರೆದಂತೆ.

ಸರ್ ಮೂವರನ್ನೂ ಕೂಡಿಸಿದರು. ಸೌಂದರ್ಯಾ ಹೇಳಿದ್ದನ್ನು ತಲೆಯಾಡಿಸುತ್ತ ಕೇಳಿದರು. ಆಮೇಲೆ ಕೈಬೆರಳು ಹೆಣೆದುಕೊಂಡು ಮೆಲ್ಲಗೆ ಹೇಳಿದರು:

"ನಿಮಗ ಭಾಳ ಸಿಟ್ಟ ಬಂದದ. ಅದು ನನಗ ಕಾಣಸ್ತದ. ಆ ಸಿಟ್ಟಿನ ಜೋಡಿ ಒಂದೀಟು ಸುಮ್ನ ಕೂಡೋಣು."

ಅದು ಅವರೇ ಕಲಿಸಿದ ಕ್ರಮ. ಎದುರಿನವರ ಭಾವನೆಗೆ ಹೆಸರಿಡು, ಸಮಯ ಕೊಡು, ವಾದ ಮಾಡಬೇಡ. ಅದನ್ನೇ ಅವಳು ಶಾಲೆಯ ಮಕ್ಕಳ ಮುಂದೆ ನಂಬಿ ಮಾಡಿದ್ದಳು. ಈಗ ಅದನ್ನು ತನ್ನ ಬಾಯಿಗೇ ಬಟ್ಟೆಯಂತೆ ತುರುಕಿದಂತಾಯಿತು.

"ಸಿಟ್ಟಿನ ಜೋಡಿ ನಾ ಮುಂಜಾನಿಂದ ಕುಂತೇನ್ರಿ ಸರ್. ಮಂಜೂರಾತಿ ಯಾಕ ಬಂದಿಲ್ಲ, ಅದನ್ನ ಹೇಳ್ರಿ."

"ಸೌಂದರ್ಯಾ!" ಎಂದ ಬಸಣ್ಣ.

"ಇರ್ಲಿ, ಬಸಣ್ಣ." ಸರ್ ಕನ್ನಡಕ ತೆಗೆದು ಒರೆಸಿದರು. "ನೋಡಮ್ಮ, ನಾ ಹೋದ ವರ್ಷ ವಿಶ್ವವಿದ್ಯಾಲಯದ ಕುಲಸಚಿವರಿಗೆ ಹೇಳಿದ್ದೆ. ಸಂಗೀತ ಸಭಾದೊಳಗ ಸಿಕ್ಕಿದ್ರು. ನಡುವ ಚಹಾಕ್ಕ ಎದ್ದಾಗ ಎಲ್ಲಾ ಸವಿಸ್ತಾರ ಹೇಳಿದೆ. 'ಛಲೋ ವಿಚಾರ ಅದ, ನಡಸ್ರಿ' ಅಂದ್ರು. ಈಗ ಅವರು ನಿವೃತ್ತರಾಗ್ಯಾರ. ಹೊಸಬರು ಕಾಗದ ಕೇಳ್ತಾರ."

"ಕಾಗದ ಕಳಿಸಿದ್ರೇನ್ರಿ?" ಕೇಳಿದಳು ಮುಸರತ.

"ಅವರು ಹೂಂ ಅಂದ ಮ್ಯಾಲೆ ಮತ್ತ ಅರ್ಜಿ ಹಿಡಕೊಂಡು ಹೋದ್ರ ಏನು ತಿಳ್ಕೋತಿದ್ರು? ಮೂವತ್ತು ವರ್ಷದ ಸ್ನೇಹ."

"ಅಂದ್ರ ಕಳಿಸಿಲ್ಲ."

"ಹಂಗ ಕಠೋರ ಮಾಡಿ ಹೇಳಬಾರದು."

"ಮತ್ತ ಮೆತ್ತಗ ಹೆಂಗ ಹೇಳ್ಬೇಕ್ರಿ?" ಎಂದಳು ಮುಸರತ. "ಒಂದ ವರ್ಷ ಹೋತು ಅನ್ನೂದನ್ನ? ಅಂಗಡ್ಯಾಗ ಗಿರಾಕಿಗೆ ಒಡದ ಬಳಿ ಕೊಟ್ರ ನಮ್ಮಪ್ಪ ಬದಲಿ ಕೊಡತಾನ್ರಿ. ಸ್ನೇಹದ ಕತಿ ಹೇಳೂದಿಲ್ಲ."

ಸರ್ ಅವಳ ಕಡೆ ನೋಡಲಿಲ್ಲ. ಬಸಣ್ಣನ ಕಡೆ ವಾಲಿ ದನಿ ಇಳಿಸಿದರು.

"ಬಸಣ್ಣ, ನಿನ್ನ ಮಗಳ ಸಲುವಾಗಿ ಒಂದು ದಾರಿ ಅದ. ವಿಶೇಷ ಪ್ರಕರಣ ಅಂತ ಆಡಳಿತ ಮಂಡಳಿ ವಿಶ್ವವಿದ್ಯಾಲಯದಿಂದ ಒಬ್ಬರಿಗೆ ಅನುಮತಿ ತರಿಸಬಹುದು. ಸೌಂದರ್ಯಾಳ ಹೆಸರು ನಾ ಹೇಳ್ತೀನಿ. ಆದರ ಗದ್ದಲ ಆಗಬಾರದು. ಉಳಿದವರಿಗೆ ಮುಂದಿನ ವರ್ಷ ನೋಡೋಣು."

ಬಸಣ್ಣ ಎದ್ದು ಕೈಮುಗಿದ. "ಅಷ್ಟ ಮಾಡ್ರಿ ಸರ್. ಉಪಕಾರ ಆಗತೈತಿ."

ಮುಸರತ ತನ್ನ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. "ತಗೋ" ಎಂದಳು ಸೌಂದರ್ಯಾಳಿಗೆ. ದನಿಯಲ್ಲಿ ಕೊಂಕು ಇರಲಿಲ್ಲ. "ನಾನಾದ್ರೂ ತಗೋತಿದ್ದೆ."

ಸೌಂದರ್ಯಾ ಕಿಟಕಿಯ ಕಡೆ ತಿರುಗಿದಳು. ಹೊರಗೆ, ಅಂಗಳದ ಬೇವಿನ ಮರದ ಕೆಳಗೆ ಇನ್ನೊಂದು ಸಾಲು ನಿಂತಿತ್ತು.

"ಅವರ್ಯಾರ್ರಿ ಸರ್?"

"ಹೊಸ ಬ್ಯಾಚು."

"ಯಾತರದು?"

ಸರ್ ಕನ್ನಡಕ ಹಾಕಿಕೊಂಡರು. "ಬ್ರಿಜ್ ಕೋರ್ಸಿಂದು. ಈ ಸಲ ಎಲ್ಲಾ ಸರಿ ಮಾಡ್ತೀವಿ."

"ಅರ್ಜಿ ಕಳಿಸಿರೇನ್ರಿ?"

"ಹೊಸ ಕುಲಸಚಿವರ ಭೇಟ್ಟಿ ಆಗೋದದ. ಅವರೂ ಸಂಗೀತದವರು ಅಂತ ಕೇಳೀನಿ."

ಸೌಂದರ್ಯಾ ಎದ್ದಳು. ಅಪ್ಪ ತೋಳು ಹಿಡಿದ. "ಎಲ್ಲಿಗಿ? ಸೀಟ್ ಕೊಡತೇನಿ ಅನ್ನಾಕತ್ತಾರ. ಬಾಯಿ ಮುಚ್ಚಿಕೊಂಡ ಕುಂಡ್ರು. ನೌಕರಿನೂ ಬಿಟ್ಟು ಬಂದಿ. ಮತ್ತ ಇನ್ನೇನ ಮಾಡಾಕಿ?"

"ಗೊತ್ತಿಲ್ಲ ಅಪ್ಪಾ. ಬಿಡು."

ಅವಳು ತೋಳು ಬಿಡಿಸಿಕೊಂಡು ಹೊರಗೆ ಬಂದಳು. ಮುಸರತ ಹಿಂದೆಯೇ ಬಂದಳು. ಸಾಲಿನ ಮೊದಲಲ್ಲಿ ಒಬ್ಬ ಹುಡುಗಿ ತನ್ನ ಅಜ್ಜಿ ಕಾಶೀಬಾಯಿಯ ಜೊತೆ ನಿಂತಿದ್ದಳು. ಸೌಂದರ್ಯಾ ಭಾಷಣ ಮಾಡಲಿಲ್ಲ. ಮಕ್ಕಳ ಮುಂದೆ ಹೇಗೋ ಹಾಗೆ, ಎದುರಿಗೆ ನಿಂತು ಹೇಳಿದಳು.

"ನಾ ಹೋದ ವರ್ಷ ಇದ ಸಾಲಿನಾಗ ನಿಂತಿದ್ದೆ. ಕೋರ್ಸ್ ಮುಗಿಸೇನಿ, ಪಾಸಾಗೇನಿ. ಇವತ್ತ ಆನರ್ಸ್‌ಗೆ ಸೀಟ್ ಇಲ್ಲ ಅಂದ್ರು. ಇದಕ್ಕ ವಿಶ್ವವಿದ್ಯಾಲಯದ ಮಂಜೂರಾತಿ ಇಲ್ಲ. ಅರ್ಜಿನೂ ಹೋಗಿಲ್ಲ. ಸೇರೂದು ಬಿಡೂದು ನಿಮಗ ಬಿಟ್ಟಿದ್ದು."

ಹುಡುಗಿ ಅಜ್ಜಿಯ ಮುಖ ನೋಡಿದಳು. ಕಾಶೀಬಾಯಿ ಸೌಂದರ್ಯಾಳನ್ನು ಮೇಲಿಂದ ಕೆಳಗೆ ನೋಡಿ, "ಗೇಟಿನ ಮ್ಯಾಲಿನ ಫೋಟೋದಾಕಿ ನೀನ ಹೌದಲ್ಲ?" ಎಂದರು. "ನಿನ್ನ ನೋಡೇ ನಾವು ಬಂದ್ವಿ. ಈಗ ನಮ್ಮ ಹುಡುಗಿಗಿ ಯಾಕ ಕಲ್ಲ ಹಾಕ್ತೀ? ನಿನಗ ಸಿಗಲಿಲ್ಲ ಅಂತ?"

ಮುಸರತ ಬಾಯಿ ತೆರೆದಳು. ಸೌಂದರ್ಯಾ ಕೈಯಿಂದ ತಡೆದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೆ ಅದು ಈ ಮುದುಕಿಯ ಮೇಲಿನದ್ದಲ್ಲ.

"ನನಗ ಸೀಟ್ ಕೊಡತೇನಿ ಅಂದಾರ್ರಿ ಅಜ್ಜಿ. ನಿಮಗ ಹೇಳಬಾರದು ಅನ್ನೂ ಕರಾರಿನ ಮ್ಯಾಲೆ. ಹೇಳಿಬಿಟ್ಟೆ. ಹೋತದು."

ಕಾಶೀಬಾಯಿ ಮೊಮ್ಮಗಳ ಕೈ ಹಿಡಿದುಕೊಂಡರು. ಸಾಲಿನಿಂದ ಮಾತ್ರ ಹೊರಬರಲಿಲ್ಲ.

ಯಜ್ಞೇಶ್ವರ ಸರ್ ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಹಿಂದೆ ಬಸಣ್ಣ. "ಸೌಂದರ್ಯಾ, ಒಳಗ ಬಾ, ಸಮಾಧಾನದಿಂದ ಮಾತಾಡೋಣು" ಎಂದು ಸರ್ ಕರೆದರು. ಸಾಲಿನವರೆಲ್ಲ ತಿರುಗಿ ನೋಡಿದರು.

"ಇಲ್ಲೇ ಮಾತಾಡ್ರಿ ಸರ್" ಎಂದಳು ಅವಳು ಅಲ್ಲಿಂದಲೇ. "ನಾ ಹೇಳಿದ್ರಾಗ ಯಾವುದು ಸುಳ್ಳ ಐತಿ, ಅದನ್ನ ಇವರಿಗೆ ಹೇಳ್ರಿ."

ಸರ್ ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದರು.

ಸೌಂದರ್ಯಾ ಸಾಲಿನ ಎರಡನೆಯವರ ಮುಂದೆ ಹೋಗಿ ನಿಂತು, ಮೊದಲಿನಿಂದ ಶುರು ಮಾಡಿದಳು.