ತೂಕವಿಲ್ಲದ ಗೊನೆ

ಮತ್ತೆ ಕೆಂಪು ಗೆರೆ, ಅದೇ ಸಾಲಿನ ಕೆಳಗೆ, ಎರೆಹುಳ ಹರಿದ ಹಾಗೆ ಸೊಟ್ಟಸೊಟ್ಟಗೆ, ತೂಕ ಇರಲೇಬೇಕು, ಇಲ್ಲಿ ಇಲ್ಲ, ಎನ್ನುತ್ತದೆ ಕಂಪ್ಯೂಟರಿನ ಎಡಿಟರು, ಇಲ್ಲವೆಂಬುದು ಶುಭದಾಗೆ ಗೊತ್ತಿಲ್ಲವೇ, ಮುಂಜಾನೆಯಿಂದ ಅದಕ್ಕೆ ಅದೊಂದೇ ಮಾತು, ಕಿಟಕಿಯ ಕೆಳಗೆ ಸ್ಟೇಶನ್ ಬಜಾರದ ಆಟೋದವನೊಬ್ಬ ರೋಜಾ ರೋಜಾ ಎಂದು ಕೂಗುತ್ತಿದ್ದಾನೆ, ಆ ಬಾಳೆಗೊನೆಯನ್ನು ತಿಂದವರೂ ರೋಜಾ ದರ್ಗಾದ ಉರುಸಿಗೆ ಕಾಲ್ನಡಿಗೆಯಲ್ಲಿ ಹೊರಟವರೇ, ಯಾರೋ ಏನೋ, ತಿಂದು ಕೈ ಒರೆಸಿಕೊಂಡು ಹೋದರು, ಈಗ ಅದನ್ನು ಎಲ್ಲಿಂದ ತಂದು ತೂಗಲಿ — ಕಮಲಾಪುರದ ಆ ಬದುವಿನ ಮೇಲೆ ಬಾಳೆಲೆ, ಎಲೆಯ ಮೇಲೆ ಮಲಗಿಸಿದ ಕೆಂಪು ಗೊನೆ, ಕೊಯ್ದ ದಿಂಡಿನಿಂದ ಸೊನೆ ತೊಟ್ಟಿಕ್ಕುತ್ತಿತ್ತು. ತಾನೇ ಕೈಯಾರೆ ತಕ್ಕಡಿಯ ಕೊಕ್ಕೆ ಹಿಡಿದು ಮುಂದೆ ಹೋಗಿದ್ದಳು, ತೋಟದ ರೈತ ಜಗದೇವಪ್ಪ ಅಡ್ಡ ಬಂದ, ಅದನ್ನ ತಕ್ಕಡಿಗಿ ಹಚ್ಚಬ್ಯಾಡ್ರಿ ಅಕ್ಕಾರ, ತೋಟದ ಮೊದಲ ಗೊನಿ ದಾರ್ಯಾಗ ಬಂದವರದು, ತೂಗಿ ಕೊಟ್ಟರ ಅದು ವ್ಯಾಪಾರ ಆಗ್ತದ, ಅವನ ಹೆಂಡತಿ ಭಾಗಮ್ಮ ಸೆರಗಿನೊಳಗೇ ನಕ್ಕಳು, ಅಕ್ಕಾರ ತೂಕದ ಮಷೀನಿಗೆ ಹಸಿವು ಆಗ್ಯಾದೇನೋ, ಅದಕ್ಕೂ ಎರಡು ಹಣ್ಣು ಕೊಡ್ರಿ. ನಕ್ಕಿದ್ದಳು ಶುಭದಾ ಕೂಡ. ಮನೆಯಲ್ಲಿ ಅತ್ತೆ ಸರಸ್ವತೀಬಾಯಿ ನೈವೇದ್ಯಕ್ಕೆ ಮೊದಲು ಅನ್ನದ ವಾಸನೆಯನ್ನೂ ಎಳೆಯಗೊಡುವುದಿಲ್ಲ, ಇದೂ ಹಾಗೇ ಅಂದುಕೊಂಡು ಕೊಕ್ಕೆ ಕೆಳಗಿಟ್ಟಳು.

ಆದರೆ ಸ್ಕೀಮಾಕ್ಕೆ ಅತ್ತೆಯೂ ಇಲ್ಲ, ನೈವೇದ್ಯವೂ ಇಲ್ಲ, ಅದು ಬರೀ ಕಟ್ಟಳೆ, ಯಾವ ವಿವರ ಇರಲೇಬೇಕು, ಯಾವುದರ ಹಿಂದೆ ಯಾವುದು, ಎಂದು ಬರೆದಿಟ್ಟರೆ ಲೋಡಿನ ವಿವರದ ಎಕ್ಸ್‌ಎಂಎಲ್ ಕಡತ ತಲೆಬಾಗಿ ನಡೆಯಬೇಕು, ಬರೆದವಳು ಬೇರೆ ಯಾರು, ಅವಳೇ — ತೂಕ ಕಡ್ಡಾಯ, ಸೊನ್ನೆಗಿಂತ ಹೆಚ್ಚು, ಯಾರೂ ಮೋಸ ಮಾಡಬಾರದು ಎಂದು ಗಂಟು ಬಿಗಿದವಳು, ಭೇಷ್ ಎಂದಿದ್ದರು ಆಫೀಸಿನ ಹಿರಿಯರು ಮುಕುಂದರಾಯರು, ಕೊಳ್ಳುವ ಕಂಪನಿಯವರು ಅದನ್ನೇ ತಮ್ಮ ಪೋರ್ಟಲ್‌ಗೆ ಹಾಕಿ ಬೀಗ ಜಡಿದರು. ಹೂ ಬಿಟ್ಟಾಗಲೇ ಪ್ರತಿ ಗೊನೆಗೂ ನಂಬರಿನ ಬಿಲ್ಲೆ ಕಟ್ಟಿದೆ, ಒಂದು ಬಿಲ್ಲೆಯ ವಿವರ ತಪ್ಪಿದರೂ ಇಡೀ ಲೋಡು ವಾಪಸು. ಸೊನ್ನೆ ಹಾಕಿ ನೋಡಿದಳು, ಕೆಂಪು. ಹಾಳಾದದ್ದು ಎಂದು ಬರೆಯಲು ಒಂದು ಜಾಗವಿದೆ, ಫೋನಿನಲ್ಲಿ ಕೇಳಿದರೆ ಜಗದೇವಪ್ಪನ ದನಿ ಸಣ್ಣದಾಯಿತು, ದೇವರ ಹೆಸರಿಲೆ ಕೊಟ್ಟದ್ದಕ್ಕ ಕೆಟ್ಟದ ಅಂತ ಬರೀತೀರೇನ್ರಿ ಅಕ್ಕಾರ. ಇಲ್ಲ, ಬರೆಯುವುದಿಲ್ಲ. ಎಡಿಟರು ತೋರಿಸುವ ಕಟ್ಟಳೆಯ ಚಿತ್ರದಲ್ಲಿ ತೂಕದ ಚೌಕಕ್ಕೆ ಗಟ್ಟಿ ಗೆರೆ, ಎಂದರೆ ಕಡ್ಡಾಯ, ಅದನ್ನು ತುಣುಕು ಗೆರೆ ಮಾಡಿದರೆ ಇದ್ದರೂ ಸರಿ, ಇರದಿದ್ದರೂ ಸರಿ, ಮಾಡಿದಳು, ಪರೀಕ್ಷೆಯ ಬಟನ್ ಒತ್ತಿದಳು, ಹಸಿರು, ಒಂದು ಉಸಿರು ಹಗುರಾಯಿತು, ಪೋರ್ಟಲ್‌ಗೆ ಏರಿಸಿದಳು — ಕೆಂಪು, ಅಲ್ಲಿರುವುದು ಹಳೆಯ ಬೀಗ, ಅವಳದೇ ಬೀಗ, ಬದಲಿಸಲು ಕೇಳಿದರೆ ಮುಂದಿನ ಹಂಗಾಮಿಗೆ ನೋಡೋಣ ಅಂದರು ಕಂಪನಿಯವರು.

ಮತ್ತೆ ಜಗದೇವಪ್ಪನ ಫೋನು, ಟ್ರಕ್ ಇನ್ನಾ ನಿಂತೇ ಅದರಿ, ಹಣ್ಣು ಬಿಸಲಿಗೆ ಕಾಯಾಕತ್ತಾವ, ಈ ಲೋಡು ಹೋದರ ಉಳದ ರೈತರೂ ಹಣ್ಣು ಕೊಡ್ತಾರ, ಇಲ್ಲಾಂದ್ರ ಯಾರೂ ನಿಮ್ಮ ಬಿಲ್ಲೆ ಕಟ್ಟಂಗಿಲ್ಲ, ನಿಮಗ ಹ್ಯಾಂಗ ತಿಳೀತದ ಹಂಗ ಮಾಡ್ರಿ, ಅಷ್ಟೇ ಹೇಳಿ ಇಟ್ಟುಬಿಟ್ಟ, ಬೈದಿದ್ದರೆ ಚೆನ್ನಾಗಿತ್ತು. ಮುಕುಂದರಾಯರು ಚಹಾದ ಕಪ್ಪು ಹಿಡಿದು ಹಿಂದೆ ನಿಂತಿದ್ದಾರೆ, ಅಂದಾಜಿಲೆ ಒಂದು ತೂಕ ಬಡದು ಕಳಸ್ರಿ ಶುಭದಾಬಾಯಿ, ದೇವರೇನು ಫೈಲ್ ತಗದು ನೋಡ್ತಾನೇನು. ನೋಡುವುದಿಲ್ಲವೇ, ಎಲೆಯ ಮೇಲಿನ ಗೊನೆಯನ್ನು ನೋಡಿದವನು ಇದನ್ನು ನೋಡುವುದಿಲ್ಲವೇ, ತೊಟ್ಟಿಕ್ಕುವ ಸೊನೆ, ಬದುವಿನ ಕರಿಮಣ್ಣು, ಬಿಸಿಲು, ಟ್ರಕ್ಕು — ಬೆರಳುಗಳು ಹನ್ನೆರಡು ಎಂದು ಹೊಡೆದವು, ಚುಕ್ಕಿ, ನಾಲ್ಕು, ಚುಕ್ಕಿಯೂ ಬೇಕಿತ್ತು, ಚುಕ್ಕಿಯಿದ್ದರೆ ಸುಳ್ಳೂ ನಂಬುವಂತಿರುತ್ತದೆ, ಹಸಿರು, ಪೋರ್ಟಲಿನಲ್ಲಿಯೂ ಹಸಿರು, ಲೋಡು ಸ್ವೀಕೃತ, ಆತು ನೋಡ್ರಿ ಅಂದರು ಮುಕುಂದರಾಯರು, ಆಯಿತು, ಆಯಿತು, ಆದರೆ ಅವಳ ಕಣ್ಣೊಳಗೆ ಎಲೆ ಖಾಲಿ, ಬದುವಿನ ಮೇಲೆ ಬರೀ ಎಲೆ, ಗೊನೆ ಮೇಲೆದ್ದಿದೆ, ಕೊಕ್ಕೆಗೆ ನೇತುಬಿದ್ದಿದೆ, ಸೊನೆ ತೊಟ್ಟಿಕ್ಕುತ್ತಿದೆ, ತಕ್ಕಡಿಯ ಮುಳ್ಳು ನಡುಗುತ್ತಿದೆ, ನಿಲ್ಲುತ್ತಿಲ್ಲ, ನಿಲ್ಲುತ್ತಿಲ್ಲ