ಮಹಜರಿಗೆ ಇಳಿದ ಹನ್ನೆರಡು ಪದ

ಜಪ್ತಿ ಮಹಜರು ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ಠಾಣೆಯಲ್ಲಿ ಇಲ್ಲ ಎಂಬ ಕೊಬ್ಬು ನನಗಿತ್ತು. ಇಪ್ಪತ್ತಾರು ವರ್ಷ ಬರೆದಿದ್ದೇನೆ. ಸಿಕ್ಕಿದ್ದು ಚಪ್ಪಲಿಯಾದರೆ ಕಿತ್ತುಹೋದ ಉಂಗುಷ್ಟವನ್ನೂ ಬಿಟ್ಟವನಲ್ಲ. ಥೂ, ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ಕ್ರಿಪ್ಟೋದಲ್ಲಿ ಆರು ತಿಂಗಳಿಗೆ ದುಪ್ಪಟ್ಟು ಎಂದು ಊರಿಗೆಲ್ಲ ಟೋಪಿ ಹಾಕಿದ್ದವನೊಬ್ಬನ ಆಫೀಸಿಗೆ ನಿನ್ನೆ ಬೆಳಗ್ಗೆ ದಾಳಿ ಮಾಡಿದೆವು. ದೂರು ಕೊಟ್ಟವಳು ಟೈಲರಮ್ಮ. ಅವಳ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಐದು ತುಂಬುವುದರೊಳಗೆ ಆಪರೇಷನ್ ಆದರೆ ಮಾತು ಬರುತ್ತದೆ, ಆಮೇಲೆ ಕಷ್ಟ ಎಂದಿದ್ದರಂತೆ ಡಾಕ್ಟರು. ಅದಕ್ಕೆ ಕೂಡಿಟ್ಟದ್ದನ್ನೆಲ್ಲ ಅವನ ಕೈಗೆ ಸುರಿದಿದ್ದಳು. ಮಗುವಿಗೆ ಐದು ತುಂಬಲು ಇನ್ನು ಎರಡೇ ತಿಂಗಳು.

ಅವನ ಡ್ರಾಯರಿನಲ್ಲಿ ಒಂದು ಚೀಟಿ ಸಿಕ್ಕಿತು. ಒಂದಕ್ಕೊಂದು ಸಂಬಂಧವಿಲ್ಲದ ಹನ್ನೆರಡು ಇಂಗ್ಲಿಷ್ ಪದಗಳು. ಒಂದೊಂದನ್ನೂ ನಂಬರ್ ಹಾಕಿ ಮಹಜರಿಗೆ ಇಳಿಸಿದೆ, ಎಲ್ಲರೆದುರು ಗಟ್ಟಿಯಾಗಿ ಓದಿದೆ, ಸಾಕ್ಷಿಗಳಿಂದ ಸಹಿ ಹಾಕಿಸಿದೆ. ಒಂದು ಪ್ರತಿ ಕೋರ್ಟಿಗೆ, ಒಂದು ಆರೋಪಿಯ ವಕೀಲರಿಗೆ. ನಿಯಮ ಅಂದರೆ ನಿಯಮ.

ಇವತ್ತು ಸೈಬರ್ ವಿಭಾಗದ ಅಧಿಕಾರಿ ಬಂದು ಅದನ್ನು ಓದಿದಳು. ಮುಖ ಬಿಳಿಚಿಕೊಂಡಿತು.

“ಏನಾದ್ರೂ ಬಿಟ್ಟಿದ್ದೀನಾ ಮೇಡಂ?”

“ಒಂದೂ ಬಿಟ್ಟಿಲ್ಲ ಸರ್, ಅದೇ ಆಗಿರೋದು. ಈ ಹನ್ನೆರಡು ಪದಾನೇ ಬೀಗದ ಕೈ. ಗೊತ್ತಿದ್ದೋರು ಎಲ್ಲಿ ಕೂತಾದ್ರೂ ಅವನ ಕ್ರಿಪ್ಟೋ ದುಡ್ಡಿರೋ ವ್ಯಾಲೆಟ್ ತೆಗೀಬಹುದು. ಮೊದಲು ದುಡ್ಡನ್ನ ಇಲಾಖೆ ಹೆಸರಿಗೆ ವರ್ಗ ಮಾಡಿ, ಚೀಟೀನ ಸೀಲ್ ಮಾಡ್ಬೇಕಿತ್ತು.”

ತೆಗೆದು ನೋಡಿದರೆ ಖಾಲಿ. ನಿನ್ನೆ ಸಂಜೆಯೇ ಯಾರೋ ಗುಡಿಸಿ ಹಾಕಿದ್ದರು. ಯಾರೆಂದು ಹುಡುಕುವುದು? ನಾನು ಓದಿದ್ದನ್ನು ಕೇಳಿಸಿಕೊಂಡವರೇ ಒಂಬತ್ತು ಜನ.

ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರು ತಮ್ಮ ಕೋಣೆಯ ಬಾಗಿಲು ಮುಚ್ಚಿದರು. “ಇಂಥ ಕೇಸಿಗೆ ಏನ್ ಮಾಡ್ಬೇಕು ಅಂತ ನಮಗೊಂದು ಸುತ್ತೋಲೆ ಸಹ ಬಂದಿಲ್ಲ. ನೀನು ತಲೆ ಕೆಡಿಸ್ಕೋಬೇಡ. ದಾಳಿಗೆ ಮುಂಚೇನೇ ಖಾಲಿ ಆಗಿತ್ತು ಅಂತ ಹೇಳಿಬಿಡೋಣ.”

“ಬ್ಲಾಕ್‌ಚೈನಲ್ಲಿ ಅಂದ್ರೆ ಆ ದುಡ್ಡಿನ ಲೆಕ್ಕದ ಪುಸ್ತಕದಲ್ಲಿ, ಗಂಟೆ ನಿಮಿಷ ಎಲ್ಲಾ ದಾಖಲಾಗಿರುತ್ತೆ ಸರ್. ಯಾರೂ ಅಳಿಸಕ್ಕಾಗಲ್ಲ,” ಎಂದಳು ಅಧಿಕಾರಿ.

“ಟೈಲರಮ್ಮಂಗೆ ಅದನ್ನ ಓದಕ್ಕೆ ಬರುತ್ತಾ?”

ನನಗೆ ಮೈಯೆಲ್ಲ ಉರಿದುಹೋಯಿತು. ಸಾಹೇಬರ ಮೇಲಲ್ಲ, ಆ ಮಾತು ಕೇಳಿ ಒಂದು ಕ್ಷಣ ನನಗೆ ಸಮಾಧಾನವಾಗಿತ್ತಲ್ಲ, ಅದಕ್ಕೆ. ನಿವೃತ್ತಿಗೆ ನಾಲ್ಕು ತಿಂಗಳಿತ್ತು.

ಹೊರಗೆ ಬೆಂಚಿನ ಮೇಲೆ ಟೈಲರಮ್ಮ ಕೂತಿದ್ದಳು. ಮಗು ತೊಡೆಯ ಮೇಲೆ ನಿದ್ದೆ ಹೋಗಿತ್ತು.

“ದುಡ್ಡು ಸಿಕ್ತಂತಲ್ಲಾ ಅಣ್ಣಾ? ಆಸ್ಪತ್ರೆಗೆ ಹೇಳ್ಬಿಡ್ಲಾ?”

“ಸಿಕ್ಕಿತ್ತು ತಾಯಿ. ಚೀಟೀಲಿದ್ದ ಪದಗಳೇ ಅದರ ಬೀಗದ ಕೈ ಅಂತ ಗೊತ್ತಿಲ್ದೆ ನಾನೇ ಊರಿಗೆಲ್ಲ ಓದಿ ಹೇಳ್ಬಿಟ್ಟೆ. ಯಾರೋ ಎತ್ಕೊಂಡು ಹೋದ್ರು.”

ಅವಳು ಮಗುವಿನ ಮೈಮೇಲೆ ಸೆರಗು ಹೊದಿಸಿದಳು.

“ಕೋರ್ಟಲ್ಲೂ ಇದನ್ನೇ ಹೇಳ್ತೀರಾ?”

“ಹೇಳ್ತೀನಿ.”

“ಹೇಳಿದ್ರೆ ದುಡ್ಡು ವಾಪಸ್ ಬರುತ್ತಾ?”

“ಇಲ್ಲಮ್ಮ. ನನ್ನ ಕೆಲಸ ಹೋಗುತ್ತೆ, ಅಷ್ಟೇ.”

“ಹೋಗಬೇಕು,” ಎಂದಳು. “ನನ್ನ ಮಗಳ ಮಾತೇ ಹೋಯ್ತು.”

ಮಗುವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ನಾನು ಒಳಗೆ ಹೋಗಿ ಸಾಹೇಬರ ಬಾಗಿಲು ತಟ್ಟಿದೆ.